ಸಾಹೇಬರ ಶ್ಯಾಂಬಲ್ಸ್, ನನ್ನ ಬಿಳಿ ಲಾಡಿ

ನನ್ನ ಮೂವತ್ತು ಚಿಲ್ಲರೆ ವರ್ಷಗಳ ಸೇವೆಯನ್ನು ಇಂಗ್ಲಿಷಿನ ಒಂದೇ ಪದದಲ್ಲಿ ಹೇಳಿ ಮುಗಿಸಿದ ಪುಣ್ಯಾತ್ಮರೊಬ್ಬರಿದ್ದಾರೆ. ಅವರ ಹೆಸರು ಬರೆಯುವುದಿಲ್ಲ. ಕಾರವಾರದ ಯಾವ ಸರಕಾರಿ ಕಚೇರಿ ಎಂದೂ ಹೇಳುವುದಿಲ್ಲ. ಪೆನ್ಶನ್ ತಪ್ಪದೆ ಬರುತ್ತಿದೆ, ನನ್ನ ಹೊಟ್ಟೆಯ ಮೇಲೆ ನಾನೇ ಯಾಕೆ ಕಲ್ಲು ಹಾಕಿಕೊಳ್ಳಲಿ?

ಬರೆಯಲು ಕಾರಣ, ಮೊನ್ನೆ ಅದೇ ಕಚೇರಿಗೆ ಹೊಸದಾಗಿ ಸೇರಿದವರೊಬ್ಬರು ಅವರ್ಸಾದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ‘ಸರ್, ನಂಗೆ ರೆಕಾರ್ಡ್ ರೂಮ್ ಕೊಟ್ಟಿದ್ರು. ಕೇಳಿದವ್ರೆಲ್ಲ ಪಾಪ ಅಂತ್ರು. ಅಲ್ಲಿ ಎಲ್ಲಾ ಕಟ್ಟಿಗೂ ಬಿಳಿ ಲಾಡಿ ಉಂಟು, ಒಂದೇ ಒಂದಕ್ಕೆ ನೀಲಿ ಬಲೆದಾರ. ಎಂತಾ ಮಾಡಿದ್ರೂ ಗಂಟು ಬಿಚ್ಚೂಕೆ ಆಗೂದಿಲ್ಲ. ಕತ್ರಿಸಿ ಲಾಡಿ ಕಟ್ಲಾ?’ ಎಂದು ಕೇಳಿದರು. ‘ಕತ್ತರಿ ಮುಟ್ಟಬೇಡಿ, ಬರೆದು ಕೊಡ್ತೆ’ ಎಂದು ಚಹಾ ಕುಡಿಸಿ ಕಳಿಸಿದೆ. ಅದೇ ಇದು.

ರೆಕಾರ್ಡ್ ರೂಮಿಗೆ ಯಾರೂ ಕೇಳಿಕೊಂಡು ಹೋಗುವುದಿಲ್ಲ. ಕುರ್ಚಿಯಲ್ಲಿ ನಿದ್ದೆ ಮಾಡುವವರನ್ನು, ಮೇಲಿನವರಿಗೆ ಎದುರಾಡುವವರನ್ನು ಅಲ್ಲಿಗೆ ಹಾಕುತ್ತಾರೆ. ನಾನು ಎರಡನೆಯ ಜಾತಿ. ಸಾಹೇಬರೊಬ್ಬರು ರಜಾದಿನದ ತಾರೀಖು ಹಾಕಿ ಆದೇಶ ಹೊರಡಿಸಿದಾಗ ‘ಅವತ್ತು ಚೌತಿ, ಸರ್’ ಎಂದು ಹತ್ತು ಜನರ ಎದುರು ಹೇಳಿದೆ. ಮರುವಾರವೇ ನನ್ನ ಮೇಜು ಆ ಕೋಣೆಗೆ ಹೋಯಿತು.

ಅಲ್ಲಿ ನನ್ನ ಗುರು ದುರ್ಗಪ್ಪಣ್ಣ. ಬೇಲೆಕೇರಿಯ ಮೀನುಗಾರರ ಮನೆಯವರು, ಅವರ ಅಣ್ಣತಮ್ಮಂದಿರೆಲ್ಲ ದೋಣಿಯಲ್ಲಿ, ಇವರೊಬ್ಬರು ಮಾತ್ರ ಕಾಗದದಲ್ಲಿ. ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಕಟ್ಟು ಮಾಡುವುದು ಎಲ್ಲ ಕಚೇರಿಯ ಪದ್ಧತಿ. ದುರ್ಗಪ್ಪಣ್ಣನ ಕಟ್ಟಿಗೆ ಲಾಡಿ ಇರಲಿಲ್ಲ. ಮನೆಯಿಂದ ತಂದ ಹಳೇ ಬಲೆದಾರ ಇತ್ತು. ಊರಿಗೊಂದು ಗಂಟು. ಬೇಲೆಕೇರಿಯದಕ್ಕೆ ಬಲೆ ಹೆಣೆಯುವ ಗಂಟು, ಒಂದೇ ಸುತ್ತು. ಚೆಂಡಿಯಾದ ಕಟ್ಟಿಗೆ ದಾರ ಮೂರು ಸುತ್ತು, ಮೇಲೆ ದಡದಿಂದ ಎಳೆಯುವ ದೊಡ್ಡ ಬಲೆ ರಂಪಣಿಯ ಹಗ್ಗಕ್ಕೆ ಹಾಕುವ ದಪ್ಪ ಗಂಟು. ದೀಪ ಹೋದರೂ ಅವರ ಕೈ ತಡವಿ ಊರನ್ನು ಹೇಳುತ್ತಿತ್ತು. ಇಡುವ ಕ್ರಮವೂ ಅವರದೇ. ವರ್ಷದ ಲೆಕ್ಕವಿಲ್ಲ, ಸೈಜಿನ ಲೆಕ್ಕವಿಲ್ಲ. ‘ನಾಯಕಾ, ಕಾಗದ ಇಡೂದು ಕೇಳೂಕೆ ಬರುವವರ ಲೆಕ್ಕದಲ್ಲಿ. ದಿನಾ ಬರುವವರದ್ದು ಬಾಗಿಲ ಹತ್ರ. ಮುದುಕ್ರದ್ದು ಕೆಳಗೆ. ಜಗಳ ಆಡಿ ಬೇರೆ ಆದ ಅಣ್ಣತಮ್ಮಂದ್ರ ಕಾಗದ ಮಾತ್ರ ಒಟ್ಟಿಗೇ ಇಡು. ಅವ್ರು ಮಾತು ಬಿಟ್ಟಿರ್ತ್ರು, ಅವರ ಕಾಗದ ಬಿಟ್ಟಿರೂದಿಲ್ಲ’ ಎನ್ನುತ್ತಿದ್ದರು. ಕೂರಲು ಕುರ್ಚಿ ಇರಲಿಲ್ಲ. ಒಂದು ಗಿಡ್ಡ ಮಣೆ. ಅದರ ಮೇಲೆ ಕೂತು ಸುತ್ತಲೂ ಕಾಗದ ಹರವಿಕೊಂಡರೆ ಬೇಕಾದ್ದು ಸಿಕ್ಕಿತೆಂದೇ ಲೆಕ್ಕ.

ಅವರು ನಿವೃತ್ತರಾದ ಮೇಲೆ ಮಣೆ ನನ್ನದಾಯಿತು. ಗಂಟುಗಳನ್ನು ನೋಡಿ ಗುರುತಿಸಲು ಕಲಿತೆ, ಕಟ್ಟಲು ಮಾತ್ರ ಕೊನೆಗೂ ಬರಲಿಲ್ಲ. ಬಿಚ್ಚುವ ಪ್ರಸಂಗ ಬಂದರೆ ದಾರವನ್ನು ಬದಿಗೆ ಸರಿಸಿ ಕಾಗದ ಎಳೆದುಕೊಳ್ಳುತ್ತಿದ್ದೆ.

ಆಮೇಲೆ ಬಂದ ಸಾಹೇಬರುಗಳ ಬಗ್ಗೆ ಏನು ಹೇಳಲಿ! ಒಬ್ಬರಿಗೆ ಜಿರಲೆಯ ಭಯ. ಕೋಣೆಗೆಲ್ಲ ಫಿನಾಯಿಲ್ ಹೊಡೆಸಿದರು. ಜಿರಲೆ ಹಾಗೇ ಉಳಿಯಿತು, ಹಳೇ ಶಾಯಿ ಹೋಯಿತು. ಇನ್ನೊಬ್ಬರು ಆಷಾಢದಲ್ಲಿ ಎರಡು ಗಳಿಗೆ ಬಿಸಿಲು ಕಂಡದ್ದೇ ತಡ, ಕಾಗದಗಳನ್ನು ಮಹಡಿಯ ಮೇಲೆ ಒಣಗಿಸಲು ಹೇಳಿದರು. ಬೇಡ ಎನ್ನಬೇಕಿತ್ತು. ಚೌತಿಯ ಪಾಠ ನೆನಪಿತ್ತು, ಬಾಯಿ ಮುಚ್ಚಿಕೊಂಡೆ. ಕಡಲ ಗಾಳಿ ಒಂದೇ ಸಲ ಬೀಸಿ ಅರ್ಧ ತಾಲೂಕನ್ನು ಹಿಂದಿನ ಕೇರಿಯ ಒಣಮೀನಿನ ಚಾಪೆಗಳ ಮೇಲೆ ಹಾಕಿತು. ಹೆಕ್ಕಿ ತಂದೆ. ಒಂದು ಗಡಿ ತಕರಾರಿನ ಅರ್ಜಿಗೆ ಇವತ್ತಿಗೂ ಒಣಬಂಗಡೆಯ ವಾಸನೆ ಇದೆ. ಆಮೇಲೆ ಕಂಪ್ಯೂಟರ್ ಬಂತು. ಸ್ಕ್ಯಾನ್ ಮಾಡಲು ಗುತ್ತಿಗೆಗೆ ಬಂದವರು ಪುಟದ ಎದುರು ಭಾಗ ಮಾತ್ರ ತೆಗೆದರು. ‘ಹಿಂದೆಯೂ ಬರೆದದ್ದುಂಟು ಮಾರಾಯ್ರೇ’ ಎಂದರೆ, ‘ನಮ್ಗೆ ಪುಟ ಅಂತ ಹೇಳಿದ್ರು, ಬೆನ್ನು ಅಂತ ಹೇಳ್ಲಿಲ್ಲ’ ಎಂದರು. ಈ ಬೆನ್ನಿನ ಮಾತು ನೆನಪಿಡಿ, ಮುಂದೆ ಬರುತ್ತದೆ.

ನನ್ನ ಸೇವೆ ಮುಗಿಯಲು ಎರಡು ವರ್ಷ ಇರುವಾಗ ಹೊಸ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಕರವಸ್ತ್ರ, ಇಸ್ತ್ರಿ ಮಾಡಿದ ಇಂಗ್ಲಿಷು. ಅವರು ನನ್ನ ಕೋಣೆಗೆ ತಪಾಸಣೆಗೆ ಬಂದ ದಿನವೇ, ಅವರಿಗಿಂತ ಸ್ವಲ್ಪ ಮೊದಲು, ಮಂಗಲಾ ಬಂದಿದ್ದಳು.

ಮಂಗಲಾ ಮೀನು ಮಾರುವವಳು. ಮೂಲ ಚೆಂಡಿಯಾ. ನೌಕಾನೆಲೆಗೆ ಜಾಗ ಹೋದಾಗ ಅವಳ ಗಂಡನ ಮನೆಯೂ ಹೋಯಿತು, ಬದಲಿಗೆ ಪುನರ್ವಸತಿಯಲ್ಲಿ ಸೈಟು ಸಿಕ್ಕಿತು. ಗಂಡ ತೀರಿಕೊಂಡಿದ್ದ. ಈಗ ಭಾವನ ಮಕ್ಕಳು, ‘ಆಗ ಮನೆ ಒಂದೇ ಇತ್ತು, ಸೈಟೆಲ್ಲ ನಮ್ಮಪ್ಪಂದು, ನೀ ಹೊರಗೆ ಹೋಗು’ ಎಂದು ಅರ್ಜಿ ಹಾಕಿದ್ದರು. ಅವಳಿಗೆ ಬೇಕಾದದ್ದು ಆಗಿನ ಪಂಚನಾಮೆಯ ನಕಲು. ಮನೆ ಲೆಕ್ಕ ಮಾಡಲು ಬಂದವರು ಅದರಲ್ಲಿ ಒಲೆಗಳನ್ನು ಎಣಿಸಿದ್ದರು. ಬೇರೆ ಒಲೆ ಇದ್ದರೆ ಬೇರೆ ಸಂಸಾರ. ಮುಂದಿನ ವಾರ ಕಳೆದು ಬರುವ ಸೋಮವಾರ ಮಧ್ಯಾಹ್ನ ಮೂರಕ್ಕೆ ವಿಚಾರಣೆ. ಅಷ್ಟರೊಳಗೆ ನಕಲು ಸಿಗದಿದ್ದರೆ ಅವಳು ಮನೆ ಬಿಡಬೇಕು.

‘ನಾಯಕ್ರೇ, ಅತ್ತೆ, ಭಾವಂದು ಒಂದು ಒಲೆ, ನಮ್ದೊಂದು ಒಲೆ. ಬರ್ದವ್ರಿಗೆ ನಾನೇ ಚಹಾ ಕೊಟ್ಟಿದ್ದೆ. ಆ ಕಾಗದ ನಿಮ್ಮಲ್ಲಿ ಇತ್ತಾ?’

ನಾನು ಕೂತಲ್ಲಿಂದಲೇ ಚೆಂಡಿಯಾದ ಕಟ್ಟನ್ನು ನೋಡಿದೆ. ಪಂಚನಾಮೆ ಅದರಲ್ಲಿತ್ತು, ನಾನೇ ಕಂಡಿದ್ದೆ. ತೆಂಗಿನಮರಗಳ ಪಟ್ಟಿಯ ಬೆನ್ನಿಗೆ ಬರೆದದ್ದು, ಸಹಿಗಳಿದ್ದವು, ತಾರೀಖು ಇರಲಿಲ್ಲ. ‘ಉಂಟು, ಮಂಗಲಾ. ಅರ್ಧ ಗಂಟೆ ಕೆಲ್ಸ. ಬರುವ ವಾರ ಶುಕ್ರವಾರ ಬಾ, ನಕಲು ತೆಗೆದಿಟ್ಟಿರ್ತೆ’ ಎಂದೆ. ಆ ಅರ್ಧ ಗಂಟೆಯನ್ನು ಅವತ್ತೇ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸರಕಾರಿ ನೌಕರನ ನಾಲಿಗೆಗೆ ‘ಶುಕ್ರವಾರ’ ಎನ್ನುವುದು ಎಷ್ಟು ಸಲೀಸು ನೋಡಿ.

ಅವಳು ಹೋದದ್ದೇ ಸಾಹೇಬರು ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತರು. ಮಣೆ ನೋಡಿದರು, ಬಲೆದಾರ ನೋಡಿದರು, ನನ್ನನ್ನು ನೋಡಿದರು. ‘ಏನ್ರೀ ಇದು?’ ಎಂದವರು ಉತ್ತರಕ್ಕೆ ಕಾಯದೆ ಹೊರಟೇಬಿಟ್ಟರು. ಮರುದಿನ ಮೆಮೋ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ರೆಕಾರ್ಡ್ ರೂಮ್ ಒಂದು ಶ್ಯಾಂಬಲ್ಸ್ ಆಗಿದೆ, ಏಳು ದಿನದೊಳಗೆ ವಿವರಣೆ ಕೊಡಿ.

ವಿವರಣೆ ಕೊಡಲು ಮೊದಲು ಬೈದದ್ದು ಏನೆಂದು ತಿಳಿಯಬೇಕಲ್ಲ! ಕಚೇರಿಯಲ್ಲಿ ಒಬ್ಬರಿಗೂ ಆ ಪದ ಗೊತ್ತಿಲ್ಲ. ಹೆಡ್ ಕ್ಲಾರ್ಕ್ ಶಾನಭಾಗರು ತಮ್ಮ ಕಿಸೆ ನಿಘಂಟು ತೆಗೆದು, ಕನ್ನಡಕ ಏರಿಸಿ, ಓದಿ, ಕನ್ನಡಕ ಇಳಿಸಿದರು. ‘ನಾಯಕ್ರೇ, ಕಸಾಯಿಖಾನೆ ಅಂತ ಉಂಟು.’ ಅಲ್ಲಿಂದ ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ‘ಇವತ್ತು ಕುರಿಯೋ ಕೋಳಿಯೋ?’ ಎಂದು ಕೇಳದೆ ಯಾರೂ ನನ್ನ ಬಾಗಿಲು ದಾಟಲಿಲ್ಲ.

ಆ ಆದಿತ್ಯವಾರ ಅಂಕೋಲೆಗೆ ಹೋಗಿ ನನಗೆ ಇಂಗ್ಲಿಷ್ ಕಲಿಸಿದ ಮಾಸ್ತರರನ್ನು ಕಂಡೆ. ಎಂಬತ್ತು ದಾಟಿದ್ದರೂ ಬೈಯುವ ಶಕ್ತಿ ಕುಂದಿರಲಿಲ್ಲ. ‘ಇಷ್ಟು ವರ್ಷ ನೌಕರಿ ಮಾಡಿ ಒಂದು ಶಬ್ದಕ್ಕೆ ಹೆದರ್ಕಂಡು ಬಂದ್ಯೇನೋ?’ ಎನ್ನುತ್ತ ಎರಡು ಕೈಯಲ್ಲಿ ಎತ್ತಬೇಕಾದ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡರು.

‘ಕೇಳು. ಇದು ಹುಟ್ಟುವಾಗ ಬೈಗುಳ ಅಲ್ಲ. ಲ್ಯಾಟಿನ್ನಿನಲ್ಲಿ ಪುಟ್ಟ ಬೆಂಚು. ಹಳೇ ಇಂಗ್ಲಿಷಿಗೆ ಬರುವಾಗ ಮಣೆ, ಕಾಲು ಇಡುವ ಮಣೆ. ಆಮೇಲೆ ಆ ಮಣೆ ಮೇಲೆ ಸಾಮಾನು ಇಟ್ಟು ಮಾರೂಕೆ ಹತ್ತಿದ್ರು, ಮಾಂಸ, ಮೀನು. ಅಂಥ ಹಲಗೆ ಸಾಲಾಗಿ ಇದ್ದಲ್ಲಿ ಪೇಟೆ ಆಯ್ತು, ಪೇಟೆಗೇ ಆ ಹೆಸರು ಬಿತ್ತು. ಮತ್ತೆ ಕಡಿಯುವ ಜಾಗ. ಮತ್ತೆ ರಕ್ತ ಹರಿದ ಯುದ್ಧಭೂಮಿ. ಕಡೆಗೆ ರಕ್ತ ತೊಳೆದು ಹೋಗಿ ಬರೀ ಅಸ್ತವ್ಯಸ್ತ ಉಳೀತು. ಆ ಅರ್ಥ ತೀರಾ ಈಚಿನದು.’

‘ಹಾಗಾದ್ರೆ ಸಾಹೇಬರು ನಂಗೆ ಎಂತಾ ಹೇಳಿದ್ದು, ಮಾಸ್ತರೇ?’

‘ಅವರು ಹೇಳಿದ್ದು ಕಸ ಅಂತ. ಶಬ್ದ ಹೇಳೂದು ಮಣೆ ಅಂತ. ನಿನ್ನ ಕೋಣೆಯಲ್ಲಿ ಮಣೆ ಉಂಟಾ?’

‘ಉಂಟು.’

‘ಹಾಗೇ ಬರೆ. ಹೌದು ಸ್ವಾಮೀ, ಮಣೆ ಮೇಲೆ ಕೂತು ಜನರಿಗೆ ಬೇಕಾದ್ದು ತೆಗೆದು ಕೊಡ್ತೆ ಅಂತ ಬರೆ.’ ನಾನು ತಲೆ ಕೆರೆದುಕೊಂಡೆ. ಅವರಿಗೆ ಅರ್ಥವಾಯಿತು. ಪುಟ ಮಗುಚಿ, ‘ಸ್ಲಿಪ್‌ಶಾಡ್ ಅಂತಲೂ ಒಂದುಂಟು. ಸಡಿಲ ಚಪ್ಪಲಿ ಎಳೆದುಕೊಂಡು ತಿರುಗುವವ, ಅದರಿಂದ ಕೆಲಸಗೇಡಿ. ಆ ಶಬ್ದ ಸಾಹೇಬರಿಗೆ ತೋರಿಸಬೇಡ’ ಎಂದು ನನ್ನ ಹವಾಯಿ ಚಪ್ಪಲಿಯನ್ನು ನೋಡಿದರು.

ಮಾಸ್ತರರು ಹೇಳಿದ್ದನ್ನು ಬರೆಯುವ ಧೈರ್ಯ ನನಗಿರಲಿಲ್ಲ. ನಿವೃತ್ತಿ ಹತ್ತಿರ ಬಂದ ನೌಕರನಷ್ಟು ಹೇಡಿ ಲೋಕದಲ್ಲಿ ಇನ್ನೊಬ್ಬನಿಲ್ಲ. ಬರುವಾಗ ಅಂಕೋಲೆ ಪೇಟೆಯಲ್ಲಿ ಬಿಳಿ ಲಾಡಿಯ ಉಂಡೆಗಳನ್ನೂ ದೊಡ್ಡ ಕತ್ತರಿಯನ್ನೂ ಕೊಂಡು ತಂದೆ.

ಸೋಮವಾರದಿಂದ ಗುರುವಾರದವರೆಗೆ ಕೋಣೆಯನ್ನು ಚೆಂದ ಮಾಡಿದೆ. ಬಲೆದಾರ ಬಿಚ್ಚಲು ಬರದಿದ್ದರಿಂದ ಕಚಕಚ ಕತ್ತರಿಸಿದೆ. ಊರಿನ ಲೆಕ್ಕ ಕೈಬಿಟ್ಟು ವರ್ಷದ ಪ್ರಕಾರ ಜೋಡಿಸಿದೆ. ಹೊಸ ಬಟ್ಟೆ, ಬಿಳಿ ಲಾಡಿ, ಟೈಪ್ ಮಾಡಿದ ಚೀಟಿ. ಆದರೂ ಸಾಲು ಚೆಂದ ಕಾಣಲಿಲ್ಲ. ಕೆಲವು ವರ್ಷದ ಕಟ್ಟು ದಪ್ಪ, ಕೆಲವು ತೆಳ್ಳಗೆ. ಆಗ ನನಗೆ ಹೊಳೆದ ಬುದ್ಧಿಯನ್ನು ಹೇಳಲು ಈಗಲೂ ನಾಚಿಕೆ. ತಾರೀಖಿಲ್ಲದ ಕಾಗದಗಳು ಒಂದು ರಾಶಿ ಉಳಿದಿದ್ದವು. ಅವುಗಳನ್ನು ಹಿಡಿಹಿಡಿಯಾಗಿ ತೆಗೆದು ತೆಳ್ಳಗಿನ ಕಟ್ಟುಗಳ ಹೊಟ್ಟೆ ತುಂಬಿಸಿದೆ. ಎಲ್ಲ ಒಂದೇ ದಪ್ಪ ಆದವು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಮಾಡಿ ಕೈ ಒರೆಸಿಕೊಂಡು ಖುಷಿಪಟ್ಟಿದ್ದೆ.

ಶುಕ್ರವಾರ ಬೆಳಿಗ್ಗೆ ಸಾಹೇಬರು ಕರವಸ್ತ್ರ ಕಿಸೆಯಲ್ಲೇ ಇಟ್ಟು ಒಳಗೆ ಬಂದರು. ‘ಎಕ್ಸಲೆಂಟ್! ಸೋಮವಾರ ಮೇಲಿನ ಕಚೇರಿಯ ಮೇಡಂ ಬರ್ತಿದಾರೆ. ಮೊದಲು ಇದನ್ನೇ ತೋರಿಸ್ತೀನಿ’ ಎಂದರು. ಎದೆ ಒಂದಿಷ್ಟು ಉಬ್ಬಿತು, ಸುಳ್ಳು ಯಾಕೆ ಹೇಳಲಿ? ಅವರು ಹೋಗಿ ಹತ್ತು ನಿಮಿಷಕ್ಕೆ ಮಂಗಲಾ ಬಂದಳು. ಕಣ್ಣು ತಾನಾಗಿ ಚೆಂಡಿಯಾದ ಕಟ್ಟಿನ ಕಡೆ ಹೋಯಿತು. ಅಲ್ಲಿ ಚೆಂಡಿಯಾ ಇರಲಿಲ್ಲ. ಬಿಳಿ ಲಾಡಿಯ ನೂರಾರು ಕಟ್ಟುಗಳು ಒಂದೇ ತರ ನನ್ನನ್ನು ನೋಡಿದವು. ಪಂಚನಾಮೆಗೆ ತಾರೀಖಿಲ್ಲ. ನಾನು ಅದನ್ನು ಯಾವುದೋ ಕಟ್ಟಿನ ಹೊಟ್ಟೆಗೆ ತುರುಕಿದ್ದೆ.

ಕಂಪ್ಯೂಟರಿನಲ್ಲಿ ಹುಡುಕಿದೆವು. ತೆಂಗಿನಮರಗಳ ಪಟ್ಟಿ ಚೆನ್ನಾಗಿಯೇ ಕಂಡಿತು. ಬೆನ್ನು ಮಾತ್ರ ಇರಲಿಲ್ಲ.

‘ಸೋಮವಾರ ಬೆಳಿಗ್ಗೆ ಬಾ’ ಎಂದೆ. ಶುಕ್ರವಾರ, ಶನಿವಾರ ಹುಡುಕಿದೆ. ಹತ್ತಿಪ್ಪತ್ತು ಕಟ್ಟು ಬಿಚ್ಚುವುದು, ಮೇಡಂ ಬರುತ್ತಾರೆಂದು ಮತ್ತೆ ಚೆಂದ ಮಾಡಿ ಕಟ್ಟುವುದು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಸೋಮವಾರ ಹತ್ತಕ್ಕೆ ಅವಳು ಬಂದಾಗ ನಿಜ ಹೇಳಿದೆ. ‘ಮಂಗಲಾ, ಕಾಗದ ಇಲ್ಲೇ ಉಂಟು. ಎಲ್ಲಿ ಅಂತ ಗೊತ್ತಿಲ್ಲ. ನಾನೇ ಕಳೆದದ್ದು.’

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಮೀನಿನ ಬುಟ್ಟಿಯನ್ನು ಜಗುಲಿಯ ಮೇಲೆ ಇಟ್ಟು ಒಳಗೆ ಬಂದು ಸುತ್ತ ನೋಡಿದಳು. ‘ನಿಮ್ಮ ಖೋಲಿ ರಾಶಿ ಚೆಂದ ಆಯ್ತು, ನಾಯಕ್ರೇ. ನಾ ಸಂಜೆ ಎಲ್ಲಿ ಮಲಗೂದು?’

ಆಗ ಅವಳ ಕಣ್ಣು ಬಾಗಿಲ ಮೂಲೆಯ ಗೋಣಿಚೀಲಕ್ಕೆ ಬಿತ್ತು. ಕತ್ತರಿಸಿದ ಬಲೆದಾರವನ್ನು ಮನೆಯ ಅವರೆ ಚಪ್ಪರಕ್ಕೆ ಆಗುತ್ತದೆಂದು ಅದರಲ್ಲಿ ತುಂಬಿಸಿಟ್ಟಿದ್ದೆ. ಕೈ ಹಾಕಿ ಒಂದು ದಾರ ಎಳೆದಳು. ಗಂಟು ಹಾಗೇ ಇತ್ತು.

‘ಅಯ್ಯೋ, ಇದು ರಂಪಣಿ ಹಗ್ಗದ ಗಂಟು! ಯಾರು ಹಾಕಿದ್ದು?’

‘ದುರ್ಗಪ್ಪಣ್ಣ. ಚೆಂಡಿಯಾದ ಕಟ್ಟಿಗೆ ಮಾತ್ರ. ಮೂರು ಸುತ್ತು.’

‘ಎಷ್ಟು ವರ್ಷ ಕಟ್ಟಿತ್ತು?’

‘ಪಂಚನಾಮೆ ಆದಾಗಿಂದ.’

ಅವಳು ತನ್ನ ಎಡಗೈ ತೋರಿಸಿದಳು. ತೋರುಬೆರಳಿನ ಬುಡದಲ್ಲಿ ದಾರ ಕೊರೆದ ಹಳೇ ಗೀರು. ‘ನಾಲ್ಕು ವರ್ಷ ಬಲೆ ಹೆಣೆದದ್ದಕ್ಕೆ ಇದು. ಬಲೆದಾರ ಕೈಯನ್ನೇ ಬಿಡೂದಿಲ್ಲ, ಕಾಗದ ಬಿಡ್ತದಾ? ಅಂಚಿಗೆ ಮೂರು ಕಚ್ಚು ಇರ್ಲೇಬೇಕು. ಎಲ್ಲಾ ಬಿಚ್ಚಿ ಹಾಕ್ರಿ.’

‘ಎಲ್ಲಾನಾ? ಇವತ್ತು ಮೇಡಂ...’

‘ಮೇಡಂ ಮನೆ ಹೋಗೂದಿಲ್ಲ. ನಂದು ಹೋಗ್ತದೆ.’

ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಕತ್ತರಿ ತೆಗೆದೆ. ಈ ಸಲ ಬಿಳಿ ಲಾಡಿಗೆ ಹಾಕಿದೆ. ಅಟ್ಟಣಿಗೆಯಿಂದ ಒಂದೊಂದೇ ಕಟ್ಟು ಇಳಿಸಿ ನೆಲಕ್ಕೆ ಸುರಿಯುತ್ತ ಹೋದೆ. ಅವಳು ಮಣೆ ಎಳೆದುಕೊಂಡು ನಡುವೆ ಕೂತಳು. ಅವಳಿಗೆ ಓದಲು ಬರುವುದಿಲ್ಲ. ಕಾಗದದ ಕಟ್ಟನ್ನು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಎಳೆಯುವಳು, ಬಂಗಡೆ ತಾಜಾ ಹೌದೋ ಅಲ್ಲವೋ ಎಂದು ಒತ್ತಿ ನೋಡುವ ಹಾಗೆ. ‘ಒಂದು ಕಚ್ಚು, ಬೇಡ. ಒಂದು ಕಚ್ಚು, ಬೇಡ. ಮೂರು! ಹಿಡೀರಿ.’ ಮೂರು ಕಚ್ಚಿನವನ್ನು ನಾನು ತಿರುಗಿಸಿ ಬೆನ್ನು ಓದುತ್ತಿದ್ದೆ. ಶಾನಭಾಗರು ಬಾಗಿಲಿಗೆ ಬಂದು ನೋಡಿ, ‘ನಾಯಕ್ರೇ, ನಿಮ್ಗೆ ಮರ್ಲಾ?’ ಎಂದರು. ಆಮೇಲೆ ತೋಳು ಮಡಚಿ ಅವರೂ ಕೂತರು. ಹನ್ನೆರಡಾಯಿತು. ಒಂದಾಯಿತು. ಮೊಣಕಾಲಿನವರೆಗೆ ಕಾಗದ.

ಒಂದೂವರೆಗೆ ಅವಳು ಎತ್ತಿ ಕೊಟ್ಟ ಹಾಳೆ ತೆಂಗಿನಮರಗಳ ಪಟ್ಟಿ. ತಿರುಗಿಸಿದೆ. ‘ಒಲೆ ಎರಡು, ಸಂಸಾರ ಎರಡು’ ಎಂದಿತ್ತು. ಕೆಳಗೆ ಅವಳ ಗಂಡನ ಹೆಬ್ಬೆಟ್ಟು. ಓದಿ ಹೇಳಿದೆ. ಅವಳು ಆ ಹೆಬ್ಬೆಟ್ಟಿನ ಗುರುತಿನ ಮೇಲೆ ತನ್ನ ಹೆಬ್ಬೆರಳನ್ನು ಮೆಲ್ಲಗೆ ಇಟ್ಟಳು. ನನಗೆ ಅಳು ಬಂತು. ಶಾನಭಾಗರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದರು.

ಸರಿಯಾಗಿ ಆಗಲೇ ಬಾಗಿಲಲ್ಲಿ ಸಾಹೇಬರ ದನಿ: ‘ಮೇಡಂ, ದಿಸ್ ಈಸ್ ಅವರ್ ಮಾಡೆಲ್...’ ನೆಲ ಕಾಣುತ್ತಿರಲಿಲ್ಲ. ಮಾಡೆಲ್ ರೆಕಾರ್ಡ್ ರೂಮಿನ ನಡುವೆ ಮೀನು ಮಾರುವ ಹೆಂಗಸು ಮಣೆ ಹಾಕಿ ಕೂತಿದ್ದಳು. ಸಾಹೇಬರ ಮುಖ ಕಂಡು ಹೇಳುತ್ತೇನೆ, ಅವತ್ತು ಮಾತ್ರ ಅವರಿಗೆ ಆ ಪದದ ಎಲ್ಲ ಅರ್ಥಗಳೂ ಒಟ್ಟಿಗೇ ಬೇಕಾಗಿದ್ದವು.

‘ಏನು ನಡೀತಿದೆ ಇಲ್ಲಿ?’ ಎಂದು ಕೇಳಿದ್ದು ಮೇಡಂ. ನಾನು ಬಾಯಿ ತೆರೆಯುವುದರೊಳಗೆ ಮಂಗಲಾ ಎದ್ದು ನಿಂತಳು. ‘ನನ್ನ ಒಲೆ ಕಳೆದಿತ್ತು, ಬಾಯೀ. ಈಗ ಸಿಕ್ತು. ಮೂರಕ್ಕೆ ವಿಚಾರಣೆ. ಒಂದು ಸಹಿ ಆದ್ರೆ ನಾ ಹೋಗ್ತೆ.’

ಮೇಡಂ ಹಾಳೆ ತೆಗೆದುಕೊಂಡು ಎರಡೂ ಬದಿ ಓದಿದರು, ಗಡಿಯಾರ ನೋಡಿದರು. ‘ನಕಲು ತೆಗೆಸಿ. ನೀವೇ ಸಹಿ ಮಾಡಿ, ಈಗಲೇ’ ಎಂದು ಸಾಹೇಬರಿಗೆ ಹೇಳಿದರು. ನಕಲು ಬಂತು. ಮೇಜಿನ ಮೇಲೆ ಕಾಗದದ ಗುಡ್ಡ, ಸಹಿ ಮಾಡಲು ಅಂಗೈಯಗಲ ಜಾಗವಿಲ್ಲ. ಮಂಗಲಾ ಮಣೆಯನ್ನು ಸೆರಗಿನಿಂದ ಒರೆಸಿ ಮುಂದೆ ತಳ್ಳಿದಳು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಸಾಹೇಬರು ಕುಕ್ಕರಗಾಲಿನಲ್ಲಿ ಕೂತು, ಆ ಮಣೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಅವಳು ಬುಟ್ಟಿಯನ್ನೂ ಮರೆತು ಓಡಿದಳು.

ಮನೆ ಉಳಿಯಿತು. ನನಗೆ ಎರಡನೆಯ ಮೆಮೋ ಬಂತು, ಅದೇ ಪದ, ಈ ಸಲ ಅಡಿಗೆರೆ ಹಾಕಿ. ಅದಕ್ಕೆ ಮಾಸ್ತರರು ಹೇಳಿಕೊಟ್ಟ ಉತ್ತರವನ್ನೇ ಬರೆದೆ. ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಾಯಿತು. ಈಗಲೂ ಇದೆ, ಬೇಕಾದರೆ ನೋಡಿ.

ಆದರೆ ಹೆಮ್ಮೆಪಡುವುದೇನೂ ಇಲ್ಲ. ಆಮೇಲೆ ಎರಡು ವರ್ಷ ಕೂತು ಕಟ್ಟುಗಳನ್ನು ಮತ್ತೆ ಊರಿನ ಲೆಕ್ಕಕ್ಕೆ ತರಲು ಹೆಣಗಿದೆ, ಪೂರ್ತಿ ಆಗಲಿಲ್ಲ. ಮೂರು ಕಚ್ಚಿನ ಚೆಂಡಿಯಾ ಒಂದೇ ಇಡಿಯಾಗಿ ಸಿಕ್ಕಿದ್ದು. ಬೇಲೆಕೇರಿಯ ಎಷ್ಟೋ ಕಾಗದಗಳು ಇನ್ನೂ ಯಾವುದೋ ಕಟ್ಟಿನ ಹೊಟ್ಟೆಯಲ್ಲಿವೆ. ಅವು ಯಾರ ಒಲೆಯೋ ನನಗೆ ಗೊತ್ತಿಲ್ಲ. ಅವರು ಬಂದು ಕೇಳಿದಾಗ ‘ಇಲ್ಲ’ ಎನ್ನಬೇಡಿ. ‘ಹಿಂದಿನವ ಕಳೆದಿದ್ದಾನೆ, ಹುಡುಕುವಾ’ ಎನ್ನಿ.

ಆ ನೀಲಿ ಬಲೆದಾರ ಚೆಂಡಿಯಾದ ಕಟ್ಟಿಗೆ ಮಂಗಲಾ ಕಟ್ಟಿದ್ದು, ಮರುದಿನ ಬುಟ್ಟಿ ಒಯ್ಯಲು ಬಂದಾಗ, ಉಳಿದ ಮೂರು ಕಚ್ಚಿನ ಕಾಗದಗಳನ್ನೂ ಹೆಕ್ಕಿ ಕೊಟ್ಟು. ಮೂರು ಸುತ್ತು, ಮೇಲೆ ಗಂಟು. ಬಿಚ್ಚಲು ಬರದಿದ್ದರೆ ಮೀನುಪೇಟೆಗೆ ಹೋಗಿ. ಅವಳು ಇನ್ನೂ ಅಲ್ಲೇ ಕೂರುತ್ತಾಳೆ. ಮಣೆ ಸರಿಸಿ ಜಾಗ ಕೊಟ್ಟು ಕಲಿಸುತ್ತಾಳೆ.